ಒಳಕಿಸೆಯ ಹೇಳಿಕೆ

ನಮ್ಮ ಕಚೇರಿಯ ಗುಮಾಸ್ತರು ತೀರಿಕೊಂಡ ಮೂರನೆಯ ವಾರ ಅವರ ಹೆಂಡತಿ ಫೋನ್ ಮಾಡಿದರು. "ಅವರ ಕೋಟು ಚಾರಿಟಿ ಅಂಗಡಿಗೆ ಕೊಡಬೇಕು ಅಂತ ತಗದಿದ್ದೆ. ಒಳಕಿಸೆದಾಗ ಒಂದು ಕಾಗದ ಐತಿ. ನಿಮ್ಮ ಆಫೀಸಿಂದು ಕಾಣಸ್ತೈತಿ. ಬಂದು ಒಯ್ಯವಾ," ಎಂದರು.

ಮ್ಯಾಂಚೆಸ್ಟರಿನ ವಿದನ್‌ಶಾ ಆಸ್ಪತ್ರೆಯಲ್ಲಿ ಅವರು ನರ್ಸು. ಡ್ಯೂಟಿಯ ರೋಟಾ ನೋಡಿಕೊಂಡು ಗುರುವಾರ ಮಧ್ಯಾಹ್ನ ಬರಲು ಹೇಳಿದರು. ಟ್ರಾಮಿನಲ್ಲಿ ಅವರ ಮನೆಗೆ ಹೋದೆ. ಮೇಜಿನ ಮೇಲೆ ಕೋಟು ಮಡಚಿಟ್ಟಿತ್ತು, ಅದರ ಮೇಲೆ ಕಾಗದ. ಗೆರೆಯಿರುವ ಹಳದಿ ಹಾಳೆ, ನಾಲ್ಕು ಮಡಿಕೆ. ಮಡಿಕೆ ಹರಿದ ಕಡೆ ಟೇಪು ಹಚ್ಚಿತ್ತು. ಬಿಚ್ಚುವ ಮೊದಲೇ ಅದು ಯಾವ ಕಾಗದವೆಂದು ಗೊತ್ತಾಯಿತು. ಬಿಚ್ಚಿದ ಮೇಲೆ, ನನಗೆ ಗೊತ್ತಿಲ್ಲದ ಒಂದು ಸಂಗತಿಯೂ ಅದರಲ್ಲಿದೆ ಎಂದು ತಿಳಿಯಿತು. ಅದನ್ನು ಹೇಳಬೇಕಾದರೆ ಮೊದಲು ಅವರ ವಿಷಯ ಹೇಳಬೇಕು.

ಹೆಸರು ಬರೆಯುವುದಿಲ್ಲ. ಅದು ಅವರಿಗೆ ಹಿಡಿಸುತ್ತಿರಲಿಲ್ಲ. "ತೀರ್ಪಿನ್ಯಾಗ ಜಡ್ಜ್ ಹೆಸರಿರತೈತಿ, ವಕೀಲರ ಹೆಸರಿರತೈತಿ, ಕೈದಿ ಹೆಸರಿರತೈತಿ. ಗುಮಾಸ್ತನ ಹೆಸರು ಬಂತಂದ್ರ ಎಲ್ಲೋ ತಪ್ಪಾಗೈತಿ ಅಂತ ತಿಳೀರಿ," ಎನ್ನುತ್ತಿದ್ದರು.

ನಾನು ಅವರನ್ನು ಕಂಡದ್ದು ಮ್ಯಾಂಚೆಸ್ಟರಿನ ಒಂದು ಸಣ್ಣ ವಕೀಲರ ಕಚೇರಿಯಲ್ಲಿ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಾವು ಐದು ಜನ. ಶೆಫೀಲ್ಡಿನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಮುಗಿಸಿ ಅಲ್ಲಿ ಸೇರಿಕೊಂಡಿದ್ದೆ. ನಮ್ಮಪ್ಪ ಸಿರಾದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ಅಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಎರಡೂ ಕಡೆಯ ವಂಶ ಜಾಲಾಡಿದರೂ ಹತ್ತನೆಯ ಕ್ಲಾಸು ದಾಟಿದವರು ಸಿಗುವುದಿಲ್ಲ. ನಾನು ದಾಟಿದೆ, ಎರಡು ಪದವಿ ತೆಗೆದುಕೊಂಡೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಎತ್ತಿ ಕೊಟ್ಟದ್ದಲ್ಲ. ಆದರೆ ಇಲ್ಲಿಯ ವಕೀಲಿ ಪರೀಕ್ಷೆ ಇನ್ನೂ ಬಾಕಿಯಿತ್ತು. ಕಚೇರಿಯಲ್ಲಿ ನಾನು ವಕೀಲರಿಗೆ ಕಾಗದ ಸಿದ್ಧಮಾಡಿಕೊಡುವ ಬರೀ ಕೇಸ್‌ವರ್ಕರ್.

ಮೊದಲ ದಿನ ಅವರು ನನ್ನ ಊರು ಕೇಳಿದರು. ಹೇಳಿದೆ. ಆಮೇಲೆ, "ಪದವಿ ಪತ್ರ ತಂದೀರೇನು?" ಎಂದರು.

"ಸಾಲಿಸಿಟರ್ ಮೇಡಂ ಆಗಲೇ ನೋಡಿದ್ದಾರೆ ಸರ್."

"ಅವರು ನೋಡೂದು ಬ್ಯಾರೆ. ನಾಳೆ ತರ್ರಿ."

ಮರುದಿನ ತಂದೆ. ಅವರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ಎದ್ದು ನಿಂತರು. ವಿಶ್ವವಿದ್ಯಾಲಯದ ಹೆಸರಿನಿಂದ ಹಿಡಿದು ಕೆಳಗಿನ ಸಹಿಯವರೆಗೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಉಳಿದವರು ಟೈಪ್ ಮಾಡುವುದು ನಿಲ್ಲಿಸಿ ನೋಡಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಬರೋಬ್ಬರಿ ಐತಿ. ಇನ್ನ ಮ್ಯಾಲ ನಾ ನಿಮ್ಮನ್ನ ವಕೀಲರ ಅಂತೀನಿ."

"ಸರ್, ನಾನಿನ್ನೂ ವಕೀಲಳಲ್ಲ."

"ಅದು ಅವರ ಪರೀಕ್ಷಾ. ಇದು ನಮ್ಮದು."

ನಮ್ಮಪ್ಪನಿಗೆ ಓದು ಬಾರದು. ಊರಿನಲ್ಲಿ ಆ ಪತ್ರದ ಫೋಟೋವನ್ನು ಎಲ್ಲರೂ ನೋಡಿದ್ದರು, ಓದಿದವರು ಯಾರೂ ಇರಲಿಲ್ಲ. ಪೂರ್ತಿ ಓದಿದ ಮೊದಲನೆಯವರು ಇವರು. ಅದೂ ನಿಂತುಕೊಂಡು.

ಅವರು ಧಾರವಾಡದ ಜಿಲ್ಲಾ ಕೋರ್ಟಿನಲ್ಲಿ ಹದಿನೆಂಟು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವರು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ರಾಜೀನಾಮೆ ಕೊಟ್ಟು ಆಕೆಯ ಹಿಂದೆಯೇ ಬಂದರು. ಕೆಲವು ವರ್ಷ ಪಾರ್ಸೆಲ್ ವಿಂಗಡಿಸುವ ಕೆಲಸ ಮಾಡಿ, ಆಮೇಲೆ ಈ ಕಚೇರಿಗೆ ಗುಮಾಸ್ತರಾದರು. ಧಾರವಾಡದಿಂದ ತಂದ ಒಂದು ದಬ್ಬಣ ಮತ್ತು ಬಿಳಿ ದಾರದ ಉಂಡೆ ಅವರ ಡ್ರಾಯರಿನಲ್ಲಿತ್ತು. ಇಲ್ಲಿ ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಆದರೂ ಪ್ರತಿ ಕೇಸಿನ ಒಂದು ಕಾಗದದ ಪ್ರತಿ ತೆಗೆದು, ಪುಟಕ್ಕೆ ನಂಬರು ಹಾಕಿ, ಎಡಗಡೆ ಮೂರು ತೂತು ಹೊಡೆದು ಹೊಲಿದಿಡುತ್ತಿದ್ದರು. ಕಚೇರಿ ನಡೆಸುವ ನಮ್ಮ ಸಾಲಿಸಿಟರ್ ಲೀಡ್ಸ್ ಕಡೆಯ ಹೆಂಗಸು, ಮಾತು ಖಾರ, ಮನಸ್ಸು ಮೆತ್ತಗೆ. ಒಮ್ಮೆ ಕ್ರಿಸ್‌ಮಸ್ ಹಿಂದಿನ ವಾರ ಅವರು ಹೊಲಿಯುವುದನ್ನು ನೋಡಿ, "ಇದೇನು ಫೈಲೋ, ಮಸಾಲೆ ತುಂಬಿದ ಟರ್ಕಿ ಕೋಳಿಯೋ?" ಎಂದಳು.

"ಟರ್ಕಿಯಾದರೆ ನಾಲ್ಕು ಗಂಟೆಯಲ್ಲಿ ಬೇಯುತ್ತದೆ ಮೇಡಂ. ಇದು ಬೇಯುವುದಕ್ಕೆ ಎರಡು ವರ್ಷ ಬೇಕು," ಎಂದರು ಇವರು, ತಲೆ ಎತ್ತದೆ.

ಹನ್ನೆರಡೂವರೆಗೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕಕ್ಷಿದಾರರು ಯಾರೇ ಬರಲಿ, ಸುಡಾನಿನವರಿರಲಿ ಅಲ್ಬೇನಿಯಾದವರಿರಲಿ, ಮೊದಲ ಪ್ರಶ್ನೆ ಊಟದ್ದು. ಎಲ್ಲರೂ ಆಯಿತು ಎನ್ನುತ್ತಿದ್ದರು. ಅವರು ನಂಬುತ್ತಿರಲಿಲ್ಲ, ಬಿಸ್ಕತ್ತಿನ ಪೊಟ್ಟಣ ಮುಂದಕ್ಕೆ ತಳ್ಳುತ್ತಿದ್ದರು. ಊಟದ ವಿಷಯದಲ್ಲಿ ಜನ ನಿಜ ಹೇಳುವುದಿಲ್ಲ ಎಂದು ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಕಾಗದದ ಮೇಲೆ ಅವರಿಗಿದ್ದ ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. "ಕಾಗದ ಮಾತಾಡ್ತೈತ್ರಿ ವಕೀಲರ. ಮನಷ್ಯಾ ಸುಮ್ನಿದ್ರ ಸಾಕು," ಎನ್ನುತ್ತಿದ್ದರು.

ಆ ಕೇಸು ನಮ್ಮ ಕಚೇರಿಗೆ ಬಂದಾಗ ನಾನು ಸೇರಿ ಒಂದು ವರ್ಷವಾಗಿತ್ತು. ಕುಂದಾಪುರದ ಕಡೆಯವನು, ಹೋಟೆಲಿನ ಅಡುಗೆಯವನು. ಅಡುಗೆಮನೆಯ ಜಗಳದಲ್ಲಿ ಜೊತೆಯವನ ಮೇಲೆ ಕಾದ ಬಾಣಲೆ ಬೀಸಿದ್ದ. ತಪ್ಪು ಒಪ್ಪಿಕೊಂಡ, ಶಿಕ್ಷೆಯಾಯಿತು, ಶಿಕ್ಷೆ ಮುಗಿಯಿತು. ಮುಗಿದ ದಿನ ಬಿಡುವ ಬದಲು, ನಿನ್ನನ್ನು ಊರಿಗೆ ಕಳಿಸಬೇಕು, ಅಲ್ಲಿಯವರೆಗೆ ಇಲ್ಲೇ ಇರು ಎಂದು ಅದೇ ಜೈಲಿನಲ್ಲಿ ಇಟ್ಟುಕೊಂಡರು. ಆತ ಹೋಗುವುದಿಲ್ಲ ಎಂದವನಲ್ಲ. ನಾಳೆ ಕಳಿಸಿದರೆ ನಾಳೆ ಹೋಗುತ್ತೇನೆ ಎಂದಿದ್ದ. ಆದರೆ ಪಾಸ್‌ಪೋರ್ಟ್ ಕಳೆದುಹೋಗಿತ್ತು. ಹೊಸ ಕಾಗದ ಕೊಡಬೇಕಾದ ಭಾರತದ ಅಧಿಕಾರಿಗಳು ಆತ ಹೇಳಿದ ವಿಳಾಸಕ್ಕೆ ವಿಚಾರಣೆಗೆ ಹೋದರೆ, ಆ ಮನೆ ಬಿದ್ದುಹೋಗಿದೆ, ತಾಯಿ ತೀರಿಹೋಗಿದ್ದಾಳೆ, ಗುರುತು ಹೇಳುವವರು ಯಾರೂ ಇಲ್ಲ. ಹೀಗೆ ಇಲ್ಲಿ ಬಿಡುವುದಿಲ್ಲ, ಅಲ್ಲಿ ಕರೆಸಿಕೊಳ್ಳುವುದಿಲ್ಲ. ನಮ್ಮ ಬಳಿಗೆ ಬಂದಾಗ ಶಿಕ್ಷೆ ಮುಗಿದು ಏಳು ತಿಂಗಳಾಗಿತ್ತು.

ಜಾಮೀನಿಗೆ ಅರ್ಜಿ ಹಾಕುವ ಮೊದಲು ಆತನನ್ನು ಕಾಣಲು ನಾನು ಹೊರಟಾಗ ಇವರೂ ಬರುತ್ತೇನೆಂದರು. ಗುಮಾಸ್ತರು ಜೈಲಿಗೆ ಬರುವ ಪದ್ಧತಿ ಇರಲಿಲ್ಲ. "ನಮ್ಮ ಭಾಷಾದಾಗ ಮಾತಾಡಾವ ಒಳಗದಾನ, ನಾ ಇಲ್ಲಿ ಕುಂತು ಪುಟ ಎಣಸ್ಲೇನು?" ಎಂದು ಸಾಲಿಸಿಟರ್ ಹತ್ತಿರ ಇಂಗ್ಲಿಷಿನಲ್ಲಿ ಜಗಳವಾಡಿ ಬಂದರು. ಎರಡು ರೈಲು, ಒಂದು ಬಸ್ಸು. ದಾರಿಯುದ್ದಕ್ಕೂ ಫೈಲನ್ನು ಕೋಟಿನೊಳಗೆ ಎದೆಗೆ ಅವಚಿಕೊಂಡಿದ್ದರು.

ಆತ ಬಂದು ಕುಳಿತ. ಮೂವತ್ತರ ಆಸುಪಾಸು. ಕನ್ನಡ ಕೇಳಿದ್ದೇ ಕುರ್ಚಿಯ ಅಂಚಿಗೆ ಬಂದು ಮುಂದಕ್ಕೆ ಬಾಗಿದ.

"ಊಟ ಆತೇನಪಾ?" ಎಂದರು ಇವರು.

"ಆಯ್ತು ಸರ್. ಎಂತ ತೊಂದರೆ ಇಲ್ಲ ಸರ್, ಆರಾಮಿದ್ದೇನೆ," ಎಂದ ಆತ. ಕೊರಳಪಟ್ಟಿಯೊಳಗೆ ಇನ್ನೊಂದು ಕೊರಳು ಹಿಡಿಸುವಷ್ಟು ಜಾಗವಿತ್ತು.

ಕೆಲಸದ ಮಾತು ನಾನು ಮುಗಿಸಿದೆ. ಏಳುವಾಗ ಇವರು ಮೇಜಿನ ಮೇಲೆ ಬಾಗಿ, ಮನೆಯ ಹಿರಿಯರು ಹೇಳುವ ಹಾಗೆ ಹೇಳಿದರು: "ನೋಡಪಾ, ತಿಂಗಳಿಗೊಮ್ಮೆ ಒಬ್ಬ ಅಧಿಕಾರಿ ಬಂದು ಹೆಂಗದೀ ಅಂತ ಕೇಳತಾನ. ಅದನ್ನೆಲ್ಲಾ ಬರಕೋತಾನ. ಅವನ ಮುಂದ ತಕರಾರು ತಗೀಬ್ಯಾಡ. ಅನ್ನ ಛಲೋ ಇಲ್ಲ, ನಿದ್ದಿ ಇಲ್ಲ, ಅದು ಇದು ಅನಬ್ಯಾಡ. 'ಐ ಆಮ್ ಫೈನ್ ಸರ್, ಥ್ಯಾಂಕ್ಯೂ ಸರ್' ಅನ್ನು. ನಾಳೆ ಜಡ್ಜ್ ಸಾಹೇಬ್ರು ನಿನ್ನ ನಡತಿ ನೋಡ್ತಾರ. ಕೈ ಕಟ್ಟಿ ನಿಂತಾವಗ ಬೇಲ್ ಬೇಗ ಆಕ್ಕೈತಿ. ನಾ ಹದಿನೆಂಟು ವರ್ಷ ನೋಡೇನಿ."

ಆತ ಎರಡು ಸಲ ಬಾಯಿಪಾಠ ಒಪ್ಪಿಸಿದ. "ಶಾಬಾಸ್," ಎಂದರು ಇವರು.

ನಾನು ಅಲ್ಲೇ ಇದ್ದೆ. ಎರಡು ಪದವಿ ಇಟ್ಟುಕೊಂಡು ಅಲ್ಲೇ ಕೂತಿದ್ದೆ. ಆ ಮಾತು ತಪ್ಪು ಎಂದು ನನಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನನ್ನ ಜಾತಿ ಸರ್ಟಿಫಿಕೇಟಿಗಾಗಿ ಅಪ್ಪ ತಾಲ್ಲೂಕು ಆಫೀಸಿಗೆ ಏಳು ಸಲ ಅಲೆದಾಗ ಏಳು ಸಲವೂ, "ಆಗ್ಲಿ ಸ್ವಾಮಿ, ಪರವಾಗಿಲ್ಲ, ನಾಳೆ ಬತ್ತೀನಿ," ಎಂದು ನಗುತ್ತ ಹಿಂದಕ್ಕೆ ಬಂದದ್ದನ್ನು ನೋಡಿ ಬೆಳೆದವಳು ನಾನು. ಕಷ್ಟ ಹೇಳಿಕೊಂಡರೆ ಕೆಲಸ ಕೆಡುತ್ತದೆ ಎಂಬುದು ನಮಗೆ ಯಾರೂ ಕಲಿಸದೆ ಬಂದ ಪಾಠ. ವಾಪಸಾಗುವಾಗ ರೈಲಿನಲ್ಲಿ ನಾನೇ, "ಒಳ್ಳೇ ಮಾತು ಹೇಳಿದ್ರಿ ಸರ್," ಎಂದೆ.

ಜಾಮೀನು ಸಿಗಲಿಲ್ಲ. ಮತ್ತೆ ಹಾಕಿದೆವು, ಸಿಗಲಿಲ್ಲ. ಪರವೂರಿನಲ್ಲಿ ಯಾರೂ ಇಲ್ಲದವನು, ಬಿಟ್ಟರೆ ಓಡಿಹೋಗುತ್ತಾನೆ ಎಂದರು. ತಿಂಗಳು ಉರುಳಿದವು. ಆತ ಊಟ ಬಿಡತೊಡಗಿದ. ನನ್ನ ಕಣ್ಣೆದುರಿಗೇ ಒಮ್ಮೆ ಗೋಡೆಯ ಕಡೆ ತಿರುಗಿ ಒಗ್ಗರಣೆಗೆ ಸಾಸಿವೆ ಸಾಲದು ಎಂದು ಯಾರಿಗೋ ಬೈಯುತ್ತಿದ್ದ. ಕೊನೆಗೆ ಶೆಫೀಲ್ಡಿನಿಂದ ಒಬ್ಬ ಮನೋವೈದ್ಯರನ್ನು ಕರೆದೊಯ್ದೆವು. ಈ ವೈದ್ಯರು ನಮ್ಮ ಕಡೆಯವರು, ಇವರ ಹತ್ತಿರ ಎಲ್ಲ ಹೇಳಬಹುದು ಎಂದು ನಾನು ಆತನಿಗೆ ಹೇಳಿದ್ದೆ. ಎರಡು ಗಂಟೆ ಕಾಲ ಆತ ಹೇಳಿದ. ವೈದ್ಯರ ವರದಿ ಗಟ್ಟಿಯಾಗಿತ್ತು: ಇನ್ನು ಹಿಡಿದಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ.

"ಹೇಬಿಯಸ್ ಕಾರ್ಪಸ್," ಎಂದಳು ಸಾಲಿಸಿಟರ್.

ನಮ್ಮ ಗುಮಾಸ್ತರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಊರಿನಲ್ಲಿ ಆ ಅರ್ಜಿ ಹೈಕೋರ್ಟಿಗೇ ಹೋಗಬೇಕು. ಜಿಲ್ಲಾ ಕೋರ್ಟಿನ ಗುಮಾಸ್ತ ಅದರ ಹೆಸರು ಕೇಳಿರುತ್ತಾನೆ, ಮುಟ್ಟಿರುವುದಿಲ್ಲ. "ಹಿಡದಿಟ್ಟಾವ ರಾಜಾನ ಇರಲಿ, ದೇಹ ತಂದು ಜಡ್ಜ್ ಮುಂದ ನಿಲ್ಲಸಬೇಕು. ಯಾವ ಕಾಯ್ದೆದಾಗ ಹಿಡದಿ ಅಂತ ಹೇಳಬೇಕು. ಹೇಳಾಕ ಬರಲಿಲ್ಲಂದ್ರ ಅಲ್ಲೇ ಬಿಡಬೇಕು. ಇದಕ್ಕಿಂತ ದೊಡ್ಡ ಕಾಗದ ಇಲ್ಲರಿ ವಕೀಲರ," ಎಂದು ಇಡೀ ದಿನ ನನಗೆ ವಿವರಿಸಿದರು, ನಾನು ಓದಿಯೇ ಇಲ್ಲವೇನೋ ಎಂಬಂತೆ. ಆ ಫೈಲಿಗೆ ಹೊಸ ದಾರದ ಉಂಡೆ ಬಿಚ್ಚಿದರು.

ವಿಚಾರಣೆಗೆ ಎರಡು ದಿನ ಮೊದಲು ಸರ್ಕಾರದ ಕಡೆಯಿಂದ ಕಾಗದಗಳು ಬಂದವು. ಅದರಲ್ಲಿ ನಾವು ಆತನನ್ನು ಮೊದಲ ಸಲ ಕಂಡಂದಿನಿಂದ ಈಚಿನ ಅಧಿಕಾರಿಯ ಮಾಸಿಕ ವರದಿಗಳಿದ್ದವು, ಹನ್ನೊಂದು. ಇವರು ನಂಬರು ಹಾಕಿ ಹೊಲಿದರು. ಗುಮಾಸ್ತ ಎಣಿಸಬೇಕು, ಓದಬಾರದು ಎಂಬುದು ಅವರ ನಿಯಮ. ನಾನು ಓದಿದೆ. ಹನ್ನೊಂದರಲ್ಲೂ ಒಂದೇ ವಾಕ್ಯ. ಸಾಲಿಸಿಟರ್ ಕೂಡ ಓದಿದಳು, ವೈದ್ಯರ ವರದಿ ಇದಕ್ಕಿಂತ ಭಾರ ಎಂದಳು. ಆ ವಾಕ್ಯ ಎಲ್ಲಿಂದ ಬಂತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪಕ್ಕದ ಮೇಜಿನಲ್ಲಿ ದಾರಕ್ಕೆ ಗಂಟು ಹಾಕುತ್ತಿದ್ದವರಿಗೆ ನಾನು ಹೇಳಲಿಲ್ಲ.

ಮ್ಯಾಂಚೆಸ್ಟರಿನ ಕೋರ್ಟು. ಇವರು ಅಂದು ಟೈ ಕಟ್ಟಿಕೊಂಡು ಬಂದಿದ್ದರು. ನನ್ನ ಹಿಂದಿನ ಸಾಲಿನಲ್ಲಿ ಕೂತು ಕಟಕಟೆಯ ಕಡೆ ನೋಡಿದರು. ಖಾಲಿ.

"ದೇಹ ಎಲ್ಲಿ ಐತ್ರಿ?" ಎಂದು ಪಿಸುಗುಟ್ಟಿದರು.

ನಾನು ಗೋಡೆಯ ಮೇಲಿನ ಟಿವಿ ತೋರಿಸಿದೆ. ಜೈಲಿನ ಒಂದು ಕೋಣೆ, ಕುರ್ಚಿ, ಕುರ್ಚಿಯ ಮೇಲೆ ಆತ. ಚಿತ್ರ ಆಗಾಗ ನಿಂತುಬಿಡುತ್ತಿತ್ತು. ಪರದೆಯ ಮೂಲೆಯ ಚೌಕದಲ್ಲಿ, ಫೋನಿನ ಮೂಲಕ ಸೇರಿಕೊಂಡ ದುಭಾಷಿಯ ಹೆಸರು.

"ಇದು ತಂದಂಗಲ್ಲ," ಎಂದರು.

ನಮ್ಮ ಬ್ಯಾರಿಸ್ಟರ್ ಒಂದು ಗಂಟೆ ಚೆನ್ನಾಗಿಯೇ ವಾದಿಸಿದರು. ಕಳಿಸುವುದಕ್ಕೆ ಆಗದಿದ್ದರೆ ಹಿಡಿದಿಡುವುದಕ್ಕೂ ಅಧಿಕಾರವಿಲ್ಲ ಎಂದರು. ವೈದ್ಯರ ವರದಿ ಓದಿದರು. ನ್ಯಾಯಾಧೀಶರು ಕೈಯಿಂದ ಬರೆದುಕೊಳ್ಳುತ್ತಿದ್ದರು. ನನಗೇ ಒಂದು ಗಳಿಗೆ ಆಸೆ ಹುಟ್ಟಿತು.

ಆಮೇಲೆ ಸರ್ಕಾರದ ಬ್ಯಾರಿಸ್ಟರ್ ಎದ್ದ. ಮೃದು ದನಿಯ ಹುಡುಗ. ಊರಿನಿಂದ ಕಾಗದ ಇಂದೋ ನಾಳೆಯೋ ಬರುವ ನಿರೀಕ್ಷೆ ಇದೆ ಎಂದ. ನಂತರ, ಪುಟ ಇನ್ನೂರ ಹದಿನಾಲ್ಕನ್ನು ದಯವಿಟ್ಟು ನೋಡಬಹುದೇ ಎಂದ. ಬಂದಿ ಹೇಳುತ್ತಾನೆ: ಐ ಆಮ್ ಫೈನ್ ಸರ್, ಥ್ಯಾಂಕ್ಯೂ ಸರ್. ಪುಟ ಇನ್ನೂರ ಹದಿನೇಳು. ಐ ಆಮ್ ಫೈನ್ ಸರ್, ಥ್ಯಾಂಕ್ಯೂ ಸರ್. ಇನ್ನೂರ ಇಪ್ಪತ್ತು. ಒಂದೊಂದು ಪುಟದ ನಂಬರೂ ಇವರ ಕೈಬರಹ. ಮೂರನೆಯದಕ್ಕೆ ಇವರ ಕೈ ನನ್ನ ಕುರ್ಚಿಯ ಹಿಂಬದಿ ಹಿಡಿಯಿತು. ಹನ್ನೊಂದೂ ಓದಿ ಮುಗಿಸುವವರೆಗೆ ಬಿಡಲಿಲ್ಲ.

ಊಟದ ವಿರಾಮದಲ್ಲಿ ಇವರು ಡಬ್ಬಿ ಬಿಚ್ಚಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ನನ್ನಿಂದ ಒಂದು ಹಳದಿ ಹಾಳೆ ಕೇಳಿ ತೆಗೆದುಕೊಂಡು, ತೊಡೆಯ ಮೇಲೆ ಫೈಲಿಟ್ಟು ಇಂಗ್ಲಿಷಿನಲ್ಲಿ ಬರೆದರು. ಅದು ಸಾಕ್ಷಿ ಹೇಳಿಕೆ. ನಾನು ಇಂಥವನು, ಇಂಥ ಕಚೇರಿಯ ಗುಮಾಸ್ತ. ಆ ವಾಕ್ಯವನ್ನು ಬಂದಿಗೆ ಕಲಿಸಿದವನು ನಾನು. ಆತ ಆರಾಮವಿರಲಿಲ್ಲ. ಆರಾಮವಿಲ್ಲ ಎಂದು ಹೇಳಬೇಡ ಎಂದವನು ನಾನು. ನಮ್ಮ ಸೀಮೆಯಲ್ಲಿ ದೊಡ್ಡವರು ಹೇಗಿದ್ದೀ ಎಂದು ಕೇಳಿದರೆ ಹಾಗೇ ಹೇಳುತ್ತಾರೆ, ಅದು ಉತ್ತರವಲ್ಲ, ನಮಸ್ಕಾರ. ಈ ಹೇಳಿಕೆಯಲ್ಲಿರುವುದು ನಿಜ. ಸಹಿ. ತಾರೀಖು.

ನಮ್ಮ ಬ್ಯಾರಿಸ್ಟರಿಗೆ ಎರಡೂ ಕೈಯಿಂದ ಕೊಟ್ಟರು. ಅವರು ನಿಂತಲ್ಲೇ ಓದಿದರು. ಕೆಟ್ಟ ಮನುಷ್ಯನಲ್ಲ, ಮುಖ ಸಣ್ಣದಾಯಿತು.

"ಇದನ್ನು ನಾನು ಕೊಟ್ಟರೆ ಏನಾಗುತ್ತದೆ ಹೇಳಿ," ಎಂದರು. "ಈ ಮನುಷ್ಯ ತನ್ನ ವಕೀಲರು ಹೇಳಿಕೊಟ್ಟದ್ದನ್ನು ಹೇಳುವವನು ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಆಗ ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ: ವೈದ್ಯರ ಮುಂದೆ ಹೇಳಿದ್ದನ್ನು ಯಾರು ಹೇಳಿಕೊಟ್ಟರು?"

ಇವರು ನನ್ನ ಕಡೆ ನೋಡಿದರು. ವೈದ್ಯರ ಮುಂದೆ ಎಲ್ಲ ಹೇಳು ಎಂದವಳು ನಾನು. ಬ್ಯಾರಿಸ್ಟರ್ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಇವರ ಕೈಗೇ ಕೊಟ್ಟರು. ಇವರು ಕೋಟಿನ ಒಳಕಿಸೆಗೆ ಹಾಕಿಕೊಂಡರು.

ಮೂರು ಗಂಟೆಗೆ ತೀರ್ಪು. ನ್ಯಾಯಾಧೀಶರು ಮರ್ಯಾದೆಯಿಂದಲೇ ಓದಿದರು. ಒಂದೇ ಒಂದು ಸಲ ನೋಡಿದ ವೈದ್ಯರ ಮಾತಿಗಿಂತ, ಆಯಾ ತಿಂಗಳು ಆಗಿನ ಆಗಲೇ ಬರೆದಿಟ್ಟ ದಾಖಲೆಗೆ ಹೆಚ್ಚು ತೂಕ ಕೊಡಬೇಕಾಗುತ್ತದೆ. ಬಂಧನ ದೀರ್ಘವಾಗಿದೆ, ಆದರೆ ಕಾನೂನು ಮೀರಿದಷ್ಟು ಅಲ್ಲ. ಅರ್ಜಿ ವಜಾ. ಆಮೇಲೆ ಟಿವಿಯ ಕಡೆ ತಿರುಗಿ, ತಾವು ಹೇಳಿದ್ದು ಅರ್ಥವಾಯಿತೇ ಎಂದು ದುಭಾಷಿಯ ಮೂಲಕ ಆತನನ್ನು ಕೇಳಿದರು.

ಆತ ಕುರ್ಚಿಯಿಂದ ಎದ್ದು ನಿಂತ. ತಲೆ ಚಿತ್ರದ ಹೊರಗೆ ಹೋಯಿತು, ಕಟ್ಟಿದ ಕೈ ಮಾತ್ರ ಕಾಣುತ್ತಿತ್ತು.

"ಐ ಆಮ್ ಫೈನ್ ಸರ್," ಎಂದ. "ಥ್ಯಾಂಕ್ಯೂ ಸರ್."

ಮೇಲ್ಮನವಿಗೆ ಅನುಮತಿ ಸಿಗಲಿಲ್ಲ. ಕಚೇರಿಯಲ್ಲಿ ಹೊಸ ಕೇಸುಗಳು ಬಂದವು. ಇವರು ಅದರ ಬಗ್ಗೆ ಮಾತಾಡಲಿಲ್ಲ. ಆದರೆ ಪ್ರತಿ ತಿಂಗಳು ಒಂದು ಶನಿವಾರ, ಕಚೇರಿಯ ಲೆಕ್ಕಕ್ಕಲ್ಲ, ಸಾಮಾನ್ಯ ಭೇಟಿಗಾರರ ಸರದಿಯಲ್ಲಿ ನಿಂತು ಆತನನ್ನು ನೋಡಿಬರತೊಡಗಿದರು. ಒಂದೆರಡು ಸಲ ನಾನೂ ಹೋದೆ. ಅಲ್ಲಿ ನಡೆಯುತ್ತಿದ್ದದ್ದು ಪಾಠ.

"ನಾ ಅಧಿಕಾರಿ ಅಂತ ತಿಳ್ಕೋ. ಹೌ ಆರ್ ಯೂ?"

"ಫೈನ್ ಸರ್."

"ಅಲ್ಲೋ ಮಾರಾಯ! ಆರಾಮಿಲ್ಲ ಅನ್ನೋ. ನಾಟ್ ಫೈನ್. ಇನ್ನೊಮ್ಮೆ. ಹೌ ಆರ್ ಯೂ?"

ಆತ ಕೈ ಹಿಸುಕಿಕೊಳ್ಳುತ್ತಿದ್ದ. "ಹೇಗೆ ಹೇಳೂದು ಸರ್? ಅವರು ನಗಾಡ್ತಾ ಕೇಳ್ತಾರೆ."

"ನಗಲೇಳು! ನೀ ಅಳು!"

"ಬೇಜಾರು ಮಾಡ್ಕೊಂಡ್ರೆ, ಅವರು?"

ಪಕ್ಕದ ಮೇಜಿನ ಹೆಂಗಸರು ನಮ್ಮ ಕಡೆ ನೋಡಿ ನಗುತ್ತಿದ್ದರು. ನಮಗೂ ನಗು ಬಂತು. ಆತನೂ ನಕ್ಕ. ಅವತ್ತು ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತ, "ನಾ ಎರಡು ನಿಮಿಷದಾಗ ಕಲಿಸಿದ್ದನ್ನ ಬಿಡಸಾಕ ವರ್ಷ ಸಾಲವಲ್ದು ನೋಡ್ರಿ," ಎಂದರು.

ಕೊನೆಗೊಮ್ಮೆ ಆತ ಹೇಳಿದ. ನಾಟ್ ಫೈನ್ ಸರ್ ಎಂದ. ಎಲ್ಲ ಹೇಳಿದ, ನಿದ್ದೆ, ಊಟ, ಗೋಡೆ. ಆ ತಿಂಗಳ ವರದಿ ನಮ್ಮ ಕೈಗೆ ಬಂತು. ಅಧಿಕಾರಿ ಬರೆದಿದ್ದ: ಅರ್ಜಿ ವಜಾ ಆದಂದಿನಿಂದ ಬಂದಿ ದೂರು ಹೇಳಲು ಶುರುಮಾಡಿದ್ದಾನೆ, ಬಿಡುಗಡೆಗಾಗಿ ಮಾಡುತ್ತಿರುವ ತಂತ್ರವಿರಬಹುದು. ಇವರು ಆ ಒಂದು ಕಾಗದವನ್ನು ನಿಯಮ ಮುರಿದು ಓದಿದರು. ದಬ್ಬಣ ತೆಗೆದು ಹೊಲಿದರು. ನಂಬರು ಹಾಕಿದರು. ಹನ್ನೆರಡೂವರೆಯಾಗಿತ್ತು, ಡಬ್ಬಿ ಬಿಚ್ಚಿ ಒಂದು ರೊಟ್ಟಿ ಮುರಿದು ಹಾಗೇ ಇಟ್ಟರು. ಕಡಿಮೆ ತಿನ್ನುತ್ತಿದ್ದಾರೆ ಎಂದು ನನಗೆ ಕಂಡಿತ್ತು. ಕೇಸಿನ ಚಿಂತೆ ಎಂದುಕೊಂಡೆ.

ಅದು ಹೊಟ್ಟೆಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಮಾಡುವುದು ಏನೂ ಉಳಿದಿರಲಿಲ್ಲ. ಬಡಾವಣೆಯ ಜಿಪಿ ಡಾಕ್ಟರ ಹತ್ತಿರ ಎರಡು ಸಲ ಹೋಗಿದ್ದರಂತೆ, ಎರಡು ಸಲವೂ ಫೈನ್ ಎಂದು ಹೇಳಿ ಬಂದಿದ್ದರಂತೆ. "ಇಷ್ಟು ವರ್ಷ ನರ್ಸ್ ಕೆಲಸ ಮಾಡೀನಿ. ನನ್ನ ಮುಂದೂ ಆರಾಮದೀನಿ ಅಂದ್ರವಾ," ಎಂದರು ಅವರ ಹೆಂಡತಿ, ಕೋಟಿನ ತೋಳನ್ನು ಸರಿಪಡಿಸುತ್ತ.

ಹಳದಿ ಹಾಳೆಯ ಬಗ್ಗೆ ಹೇಳಬೇಕಿತ್ತು. ಒಕ್ಕಣೆ ನಾನು ಕಾರಿಡಾರಿನಲ್ಲಿ ಓದಿದ್ದೇ. ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ತಾರೀಖು. ವಿಚಾರಣೆಯ ದಿನದ ತಾರೀಖನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಮುಂದಿನ ತಿಂಗಳಿನದು. ಅದನ್ನೂ ಹೊಡೆದು ಅದರ ಮುಂದಿನದು. ಜಾಗ ಮುಗಿದಾಗ ಅಂಚಿನಲ್ಲಿ, ಅಂಚು ತುಂಬಿದಾಗ ಹಾಳೆಯ ಹಿಂಬದಿಯಲ್ಲಿ. ಹತ್ತೊಂಬತ್ತು ಸಲ. ಹಳೆಯ ತಾರೀಖಿನ ಹೇಳಿಕೆಯನ್ನು ಕೋರ್ಟು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಿದ್ದುಪಡಿ ಮಾಡಿದಲ್ಲೆಲ್ಲ ಚಿಕ್ಕ ಸಹಿ ಇರಬೇಕು ಎಂಬುದೂ ಗೊತ್ತಿತ್ತು. ಪ್ರತಿಯೊಂದರ ಪಕ್ಕದಲ್ಲೂ ಚಿಕ್ಕ ಸಹಿ. ಯಾವಾಗ ಕರೆದರೂ ಸಿದ್ಧವಾಗಿರಲಿ ಎಂದು ಇಟ್ಟುಕೊಂಡಿದ್ದರು. ಕೊನೆಯ ತಾರೀಖು ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದದ್ದಿರಬೇಕು, ಅಂಕೆಗಳು ಗೆರೆ ಬಿಟ್ಟು ಕೆಳಗೆ ಇಳಿದಿದ್ದವು.

ಸಾಲಿಸಿಟರಿಗೆ ತೋರಿಸಿದೆ. ಅವಳು ಓದಿ, ಹಿಂಬದಿ ತಿರುಗಿಸಿ, ತಾರೀಖುಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಬ್ಯಾರಿಸ್ಟರ್ ಹೇಳಿದ್ದನ್ನೇ ಹೇಳಿದಳು, ಇನ್ನೂ ಮೆತ್ತಗೆ. ನಾನು ಅವರ ಡ್ರಾಯರಿನಿಂದ ದಬ್ಬಣ ತೆಗೆದು, ಹಾಳೆಯನ್ನು ಫೈಲಿನ ಕೊನೆಗೆ ಹೊಲಿದು, ಪುಟದ ನಂಬರು ಹಾಕಿದೆ. ನನ್ನ ಹೊಲಿಗೆ ಸೊಟ್ಟ.

ಮುಂದಿನ ಶನಿವಾರ ಜೈಲಿಗೆ ಹೋದೆ. ಆತ ಇನ್ನೂ ಅಲ್ಲೇ ಇದ್ದಾನೆ, ಊರಿನ ಕಾಗದ ಇನ್ನೂ ಬಂದಿಲ್ಲ. ವಿಷಯ ಹೇಳಲೆಂದೇ ಹೋಗಿದ್ದೆ. ರೈಲಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆತ ಬಂದು ಕುಳಿತು, ನನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಸರ್ ಬರಲಿಲ್ವಾ? ಎರಡು ತಿಂಗಳಾಯ್ತು. ಹೇಗಿದ್ದಾರೆ ಅವರು?"

ಆತನ ಕೊರಳು ಕೊರಳಪಟ್ಟಿಯೊಳಗೆ ಇನ್ನಷ್ಟು ಸಣ್ಣದಾಗಿತ್ತು. ಆತ ನಗುತ್ತ ಕೇಳಿದ್ದ.

"ಆರಾಮಿದ್ದಾರೆ," ಎಂದೆ.

ಆತ ತಲೆಯಾಡಿಸಿದ. ನಾನು ಹೇಳಿದ್ದು ನಿಜವಲ್ಲ ಎಂದು ಗೊತ್ತಾಯಿತೋ ಇಲ್ಲವೋ ತಿಳಿಯದು. ಆದರೆ ಆ ಮಾತನ್ನು ಆತನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.